ಮಾತಿಗೆ ಎಷ್ಟು, ದಾಳಕ್ಕೆ ಎಷ್ಟು? ರೋಲ್‌ಪ್ಲೇಯಿಂಗ್ ಆಟದಲ್ಲಿ ಜನರನ್ನು ಒಪ್ಪಿಸುವ ನಿಯಮಗಳು

ಮೇ ತಿಂಗಳ ಒಂದು ಭಾನುವಾರ ಸಂಜೆ, ಗಂಗಾವತಿಯ ನಮ್ಮ ಮನೆ ಮಾಳಿಗೆ ಮೇಲೆ ನಡೀತಿದ್ದ ಆಟ ಅರ್ಧಕ್ಕೇ ನಿಂತಿತು. ಒಗ್ಗಾಣಿ, ಮಿರ್ಚಿ ತಟ್ಟೆಯಲ್ಲಿ ಹಾಗೇ ಉಳಿದವು. ಕಾರಣ ಒಂದು ಭಾಷಣ.

ಆಟದೊಳಗೆ ಒಂದು ಊರು. ಊರಿನ ಮೇಲ್ಗಡೆ ಅಣೆಕಟ್ಟು. ಅದರ ಒಂದು ಗೇಟಿನ ಸರಪಳಿ ಕಡಿದು ನೀರು ನುಗ್ಗಿ ಬರ್ತಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಗಿದ್ದು ನದಿ ದಂಡೆಯ ನಾವ್ಯಾರೂ ಮರೆತಿಲ್ಲ. ಆ ನೆನಪಿನಿಂದಲೇ ನಾನು ಕಥೆ ಹೆಣೆದಿದ್ದೆ. ಊರ ಜನ ಗುಡಿ ಮುಂದೆ ಸೇರಿದ್ದಾರೆ. ಅವರನ್ನು ಗುಡ್ಡ ಹತ್ತಿಸಬೇಕು. ನಮ್ಮ ಗುಂಪಿನ ಹದಿನಾಲ್ಕು ವರ್ಷದ ಹುಡುಗ ಹಗಲುವೇಷದ ಕಲಾವಿದನ ಪಾತ್ರ ಆಡ್ತಿದ್ದ. ಅವನು ಎದ್ದು ನಿಂತು ಮೂರು ನಿಮಿಷ ಮಾತಾಡಿದ. ನಿಜಕ್ಕೂ ಮೈ ಜುಂ ಅಂತು. ಆಮೇಲೆ ದಾಳ ಉರುಳಿಸಿದ. ಬಿದ್ದದ್ದು 3.

ನಿಯಮದ ಪ್ರಕಾರ ಊರಲ್ಲಿ ಯಾರೂ ಅವನ ಮಾತು ಕೇಳಲಿಲ್ಲ. ಹುಡುಗನ ಕಣ್ಣು ತುಂಬಿ ಬಂತು. "ಹಾಗಾದ್ರೆ ನಾನು ಮಾತಾಡಿದ್ದು ಯಾಕೆ?" ಅಂತ ಕೇಳಿದ. ಮಗನನ್ನು ಕರೆದೊಯ್ಯಲು ಬಂದಿದ್ದ ಅವನ ಅಮ್ಮನೂ ಕೇಳಿದರು, "ಇದು ಮಾತಿನ ಆಟವಾ, ಅದೃಷ್ಟದ ಆಟವಾ?"

ಎರಡೂ ಸರಿಯಾದ ಪ್ರಶ್ನೆಗಳೇ. ರಜೆಯಲ್ಲಿ ಮಕ್ಕಳು ಈ ಆಟ ಕಲಿತು ಬಂದು ಮನೆಯವರಿಗೆ ಇದೇನು ಅಂತ ಅರ್ಥವಾಗದೆ ಇದ್ದರೆ, ಅವರಿಗೂ ಸೇರಿಸಿ ಇಲ್ಲಿ ಬುಡದಿಂದ ಬಿಡಿಸಿ ಹೇಳ್ತೀನಿ.

ಇದು ಎಂಥ ಆಟ?

ರೋಲ್‌ಪ್ಲೇಯಿಂಗ್ ಆಟ ಅಂದರೆ ಪಾತ್ರ ವಹಿಸಿ ಕಥೆ ಕಟ್ಟುವ ಆಟ. ನಾಲ್ಕೈದು ಜನ ಸುತ್ತ ಕೂರ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಪಾತ್ರ: ಒಬ್ಬ ಯೋಧ, ಒಬ್ಬಳು ಮಂತ್ರಗಾತಿ, ಒಬ್ಬ ಹಾಡುಗಾರ. ಇನ್ನೊಬ್ಬರು ಉಳಿದ ಜಗತ್ತನ್ನೆಲ್ಲ ನಡೆಸ್ತಾರೆ. ಊರು, ಮಳೆ, ಕಳ್ಳ, ಗೌಡ ಎಲ್ಲವೂ ಅವರೇ. ಅವರಿಗೆ ಡಂಜನ್ ಮಾಸ್ಟರ್ ಅಂತಾರೆ. ನಮ್ಮ ಕಡೆ ಬಯಲಾಟ ನೋಡಿದವರಿಗೆ ಇದು ಬೇಗ ಹೊಳೆಯುತ್ತೆ. ಅಟ್ಟದ ಮೇಲೆ ಬಂದ ಪ್ರತಿ ಪಾತ್ರವನ್ನೂ ಮಾತಾಡಿಸಿ ಕಥೆ ಮುಂದೆ ಸಾಗಿಸುವ ಸಾರಥಿ ಇರ್ತಾನಲ್ಲ, ಹೆಚ್ಚುಕಡಿಮೆ ಆ ಕೆಲಸ. ವ್ಯತ್ಯಾಸ ಏನಂದರೆ, ಇಲ್ಲಿ ಮುಂದೇನಾಗುತ್ತೆ ಅಂತ ಸಾರಥಿಗೂ ಗೊತ್ತಿರೋದಿಲ್ಲ. ಅದನ್ನು ತೀರ್ಮಾನಿಸಲು ದಾಳ ಇದೆ.

ಈ ಬಗೆಯ ಆಟಗಳಲ್ಲಿ ಮೊದಲು ಮಾರಾಟಕ್ಕೆ ಬಂದದ್ದು ಡಂಜನ್ಸ್ ಅಂಡ್ ಡ್ರಾಗನ್ಸ್, 1974ರಲ್ಲಿ, ಅಮೆರಿಕದಲ್ಲಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದನ್ನು ರೂಪಿಸಿದವರು. ನಾವು ಆಡೋದು ಅದರ ಐದನೇ ಆವೃತ್ತಿ. 2014ರಲ್ಲಿ ಬಂದದ್ದು. ಊರು, ಪಾತ್ರ, ಭಾಷೆ ಮಾತ್ರ ನಮ್ಮವು.

ದಾಳ ಮತ್ತು ಅಂಕ

ಚೌಕಾಬಾರಕ್ಕೆ ಕವಡೆ ಇದ್ದ ಹಾಗೆ ಈ ಆಟಕ್ಕೆ ಇಪ್ಪತ್ತು ಮುಖದ ದಾಳ. ಪಾತ್ರ ಏನಾದರೂ ಕಷ್ಟದ ಕೆಲಸಕ್ಕೆ ಕೈ ಹಾಕಿದಾಗ ಸಾರಥಿ ಒಂದು ಅಂಕ ಗೊತ್ತು ಮಾಡ್ತಾರೆ. ಸುಲಭದ ಕೆಲಸಕ್ಕೆ 10, ಮಧ್ಯಮಕ್ಕೆ 15, ಕಷ್ಟಕ್ಕೆ 20, ಭಾರಿ ಕಷ್ಟಕ್ಕೆ 25. ದಾಳದಲ್ಲಿ ಬಿದ್ದದ್ದಕ್ಕೆ ಪಾತ್ರದ ಸಾಮರ್ಥ್ಯ ಕೂಡಿಸಬೇಕು. ಆ ಅಂಕ ಮುಟ್ಟಿದರೆ ಗೆಲುವು.

ಹಗಲುವೇಷದವನ ವರ್ಚಸ್ಸು 16. ಅದಕ್ಕೆ 3 ಅಂಕ ಸಿಗುತ್ತೆ. ಮಾತಿನಲ್ಲಿ ಪಳಗಿದವನು ಅನ್ನೋದಕ್ಕೆ ಇನ್ನೂ 2. ಒಟ್ಟು 5. ಅಂದರೆ 15 ಮುಟ್ಟಲು ದಾಳದಲ್ಲಿ 10 ಅಥವಾ ಅದಕ್ಕಿಂತ ಜಾಸ್ತಿ ಬೀಳಬೇಕು. ನೂರರಲ್ಲಿ 55 ಸಲ ಹಾಗೆ ಬೀಳುತ್ತೆ.

ಮಾತಿನ ಕೆಲಸಕ್ಕೆ ಮುಖ್ಯವಾಗಿ ನಾಲ್ಕು ಪಳಗಿಕೆಗಳಿವೆ. ಒಲಿಸುವುದು, ಸುಳ್ಳು ನಂಬಿಸುವುದು, ಹೆದರಿಸುವುದು, ಮತ್ತು ಆಡಿ ಹಾಡಿ ರಂಜಿಸುವುದು. "ಊರ ಜನರ ಗುಂಪನ್ನು ಹುರಿದುಂಬಿಸುವುದು" ಒಲಿಸುವುದರ ಉದಾಹರಣೆ ಅಂತ ಆಟದ ಕೈಪಿಡಿಯಲ್ಲೇ ಇದೆ. ಆದರೆ ಗುಂಪು ಅಂದರೆ ಎಷ್ಟು ಜನ, ಎಲ್ಲರಿಗೂ ಒಂದೇ ಅಂಕವಾ, ಭಾಷಣ ಚೆನ್ನಾಗಿದ್ದರೆ ಏನು ಮಾಡಬೇಕು, ಇದನ್ನೆಲ್ಲ ಅಲ್ಲಿ ಬಿಡಿಸಿ ಹೇಳಿಲ್ಲ. ನಮ್ಮ ಮಾಳಿಗೆ ಮೇಲಿನ ಜಗಳ ಹುಟ್ಟಿದ್ದು ಆ ಖಾಲಿ ಜಾಗದಲ್ಲಿ.

ಯಾರನ್ನು ಕೇಳ್ತೀರಿ, ಏನನ್ನು ಕೇಳ್ತೀರಿ

ಒಬ್ಬರ ಜೊತೆ ಮಾತಾಡುವಾಗ ಬಳಸಲು 2014ರ ಸಾರಥಿಯ ಕೈಪಿಡಿ ಒಂದು ಪಟ್ಟಿ ಕೊಡುತ್ತೆ. ಇಡೀ ವಿಷಯದ ಕೀಲಿಕೈ ಅದೇ ಅಂತ ನನಗೆ ಅನಿಸುತ್ತೆ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಕೇಳುವವರು ಮೂರು ಬಗೆ. ನಮ್ಮ ಕಡೆಯವರು, ನಮಗೂ ಅವರಿಗೂ ಸಂಬಂಧ ಇಲ್ಲದವರು, ನಮ್ಮನ್ನು ಕಂಡರೆ ಆಗದವರು. ಅವರಿಂದ ನಾವು ಕೇಳುವುದೂ ಮೂರು ಬಗೆ. ಯಾವ ತೊಂದರೆಯೂ ಇಲ್ಲದ ಸಹಾಯ, ಸಣ್ಣ ಅಪಾಯದ ಸಹಾಯ, ದೊಡ್ಡ ಅಪಾಯ ಅಥವಾ ತ್ಯಾಗದ ಸಹಾಯ.

ನಮ್ಮ ಕಡೆಯವರು ತೊಂದರೆಯಿಲ್ಲದ ಕೆಲಸವನ್ನು ಸುಮ್ನೆ ಕೇಳಿದರೂ ಮಾಡ್ತಾರೆ. ಸಣ್ಣ ಅಪಾಯಕ್ಕೆ 10 ಬೇಕು, ದೊಡ್ಡದಕ್ಕೆ 20. ಸಂಬಂಧ ಇಲ್ಲದವರಿಂದ ತೊಂದರೆಯಿಲ್ಲದ ಕೆಲಸ ಮಾಡಿಸಲು 10 ಬೇಕು. ಸಣ್ಣ ಅಪಾಯಕ್ಕೇ 20. ಅವರಿಂದ ದೊಡ್ಡ ತ್ಯಾಗ ಮಾಡಿಸಲು ಪಟ್ಟಿಯಲ್ಲಿ ಅಂಕವೇ ಇಲ್ಲ. ಆಗದವರಿಗೆ 10 ಮುಟ್ಟಿದರೆ ಅಡ್ಡ ಬರದೆ ಸುಮ್ಮನಿರ್ತಾರೆ, 20 ಮುಟ್ಟಿದರೆ ತಮಗೇನೂ ನಷ್ಟವಿಲ್ಲದ ಕೆಲಸವನ್ನಷ್ಟೇ ಮಾಡಿಕೊಡ್ತಾರೆ.

ಇದರಲ್ಲಿ ನಮ್ಮ ದಿನದ ಬದುಕೇ ಇದೆ ಅಲ್ವಾ? ಪಕ್ಕದ ಮನೆಯವರು ಕೇಳಿದ ಕೂಡಲೇ ಏಣಿ ಕೊಡ್ತಾರೆ. ಬ್ಯಾಂಕ್ ಸಾಲಕ್ಕೆ ಜಾಮೀನು ಹಾಕಿ ಅಂದರೆ ಯೋಚಿಸ್ತಾರೆ. ದಾರಿಯಲ್ಲಿ ಸಿಕ್ಕ ಅಪರಿಚಿತರ ಹತ್ತಿರ ಜಾಮೀನಿನ ಮಾತು ಎತ್ತುವುದೇ ಇಲ್ಲ. ಮಾತಿನ ಚಂದಕ್ಕಿಂತ ಮುಂಚೆ ತೂಗುವುದು ಇವೆರಡು: ಅವರಿಗೂ ನಮಗೂ ಏನು ನಂಟು, ಒಪ್ಪಿದರೆ ಅವರು ಏನನ್ನು ಕಳ್ಕೋತಾರೆ.

2024ರ ಪರಿಷ್ಕೃತ ಆವೃತ್ತಿ ಇದನ್ನೇ ಇನ್ನೂ ಸರಳ ಮಾಡಿದೆ. ಕೇಳಿದ್ದಕ್ಕೆ ಮನಸ್ಸಿದ್ದವರಿಗೆ ದಾಳವೇ ಬೇಡ, ಒಪ್ತಾರೆ. ಯಾವ ಕಾರಣಕ್ಕೂ ಮನಸ್ಸಿಲ್ಲದವರಿಗೂ ದಾಳ ಬೇಡ, ಒಪ್ಪಲ್ಲ. ನಡುವೆ ಹಿಂದೆಮುಂದೆ ನೋಡುವವರಿಗೆ ಮಾತ್ರ ದಾಳ.

ಗುಂಪಿಗೆ ಒಂದೇ ತಲೆ ಇಲ್ಲ

ನಾನು ಮಾಡಿದ ತಪ್ಪು ಇಲ್ಲಿತ್ತು. ಇಡೀ ಊರಿಗೆ ಒಂದೇ ಅಂಕ ಇಟ್ಟು, ಒಂದೇ ಸಲ ದಾಳ ಉರುಳಿಸಲು ಹೇಳಿದೆ. ಹಾಗೆ ಮಾಡಿದರೆ ಇಡೀ ಊರು ಒಪ್ಪುತ್ತೆ, ಇಲ್ಲ ಇಡೀ ಊರು ಬಿಡುತ್ತೆ. ಯಾವ ಊರೂ ಹಾಗಿರೋದಿಲ್ಲ.

ಗುಡಿ ಮುಂದೆ ನಿಂತವರನ್ನು ಮತ್ತೆ ನೋಡಿ. ಒಂದು ಕಡೆ ಹರಿಗೋಲು ನಡೆಸುವವರು. ಆನೆಗೊಂದಿ ಹತ್ತಿರ ಹೊಳೆಯಲ್ಲಿ ಹರಿಗೋಲು ಹಾಕುವವರನ್ನು ನೋಡಿದ್ದರೆ ನಿಮಗೆ ಗೊತ್ತು, ನೀರಿನ ಬಣ್ಣ ಬದಲಾದರೆ ಸಾಕು, ಅವರು ಏನೋ ಬರ್ತಿದೆ ಅಂತಾರೆ. ಅವರು ಆಗಲೇ ಅರ್ಧ ನಮ್ಮ ಕಡೆ. ಇನ್ನೊಂದು ಕಡೆ ಅಂಗಡಿಯವರು. ಹೊರಗಿಂದ ಬಂದ ವೇಷಗಾರನ ಮಾತು ಕೇಳಿ ಅಂಗಡಿ ಬಾಗಿಲು ಹಾಕಿದರೆ ಒಂದು ದಿನದ ವ್ಯಾಪಾರ ಹೋಯಿತು, ಕಳ್ಳರ ಭಯ ಬೇರೆ. ಮೂರನೆಯವರು ರೈತರು. ವರ್ಷದ ಭತ್ತ ಕಣದಲ್ಲಿ ರಾಶಿ ಬಿದ್ದಿದೆ, ಇನ್ನೂ ಚೀಲಕ್ಕೆ ತುಂಬಿಲ್ಲ. ಅದನ್ನು ಬಿಟ್ಟು ಗುಡ್ಡ ಹತ್ತಿ ಅನ್ನೋದು ಅವರ ಪಾಲಿಗೆ ಸಣ್ಣ ಮಾತಲ್ಲ. ಗಂಗಾವತಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಲೆಕ್ಕ ಹಾಕಿ. ಹರಿಗೋಲಿನವರಿಗೆ ಅಂಕ 10. ಹಗಲುವೇಷದವನಿಗೆ ದಾಳದಲ್ಲಿ 5 ಬಿದ್ದರೆ ಸಾಕು, ನೂರಕ್ಕೆ 80 ಸಲ ಗೆಲುವು. ಅಂಗಡಿಯವರಿಗೆ 20. ದಾಳದಲ್ಲಿ 15 ಬೇಕು, ನೂರಕ್ಕೆ ಮೂವತ್ತೇ ಸಲ. ರೈತರಿಗೆ? ಸಂಬಂಧ ಇಲ್ಲದವನು ಬಂದು ದೊಡ್ಡ ತ್ಯಾಗ ಕೇಳ್ತಿದ್ದಾನೆ. ಪಟ್ಟಿಯಲ್ಲಿ ದಾರಿಯೇ ಇಲ್ಲ. ದಾಳದಲ್ಲಿ 20 ಬಿದ್ದರೂ ಅವರು ಭತ್ತ ಬಿಡಲ್ಲ.

ಇಲ್ಲಿ ಆಟಗಾರರು ಭಾಷಣ ಬಿಟ್ಟು ಬೇಡಿಕೆಯನ್ನೇ ಬದಲಿಸಬೇಕು. "ಎಲ್ಲ ಬಿಟ್ಟು ಹೊರಡಿ" ಅನ್ನುವ ಬದಲು "ಮಕ್ಕಳು, ಮುದುಕರು, ದನಕರು ಈಗಲೇ ಗುಡ್ಡ ಹತ್ತಲಿ, ಗಟ್ಟಿಮುಟ್ಟಾದವರು ಚೀಲ ತುಂಬಿ ಹಿಂದಿನಿಂದ ಬರಲಿ" ಅಂದರೆ? ಆಗ ಆ ರೈತರು ಕಳ್ಕೊಳ್ಳೋದು ಏನೂ ಇಲ್ಲ. ಅಂಕ ಒಮ್ಮೆಲೇ 10ಕ್ಕೆ ಇಳಿಯುತ್ತೆ. ದಾಳ ಅದೇ, ಪಾತ್ರ ಅದೇ. ಕೇಳಿದ್ದು ಮಾತ್ರ ಬೇರೆ.

ಎಷ್ಟು ಗುಂಪು ಮಾಡಬೇಕು? ಮೂರು ಸಾಕು. ಐದಾರು ಮಾಡಿದರೆ ದಾಳ ಉರುಳಿಸುವುದರಲ್ಲೇ ಸಂಜೆ ಕಳೆಯುತ್ತೆ.

ಜನ ಯಾವ ಮನಸ್ಸಿನಲ್ಲಿ ಸೇರಿದ್ದಾರೆ ಅಂತ ಸಾರಥಿಗೇ ತೋಚದಿದ್ದರೆ, 1974ರ ಮೊದಲ ಆವೃತ್ತಿಯಲ್ಲೇ ಒಂದು ಉಪಾಯ ಇದೆ. ಆರು ಮುಖದ ಎರಡು ದಾಳ ಉರುಳಿಸಿ ಕೂಡಿಸೋದು. ಮೊತ್ತ 2ರ ಕಡೆಗಿದ್ದರೆ ಕಿಡಿಕಿಡಿ, 12ರ ಕಡೆಗಿದ್ದರೆ ಸ್ವಾಗತ. ಎರಡು ದಾಳ ಕೂಡಿಸಿದಾಗ 7 ಬೀಳೋದು ಜಾಸ್ತಿ, 36ರಲ್ಲಿ 6 ಸಲ. 2 ಅಥವಾ 12 ಬೀಳೋದು 36ರಲ್ಲಿ ಒಂದೊಂದೇ ಸಲ. ಹಾಗಾಗಿ ಹೆಚ್ಚಿನ ಗುಂಪುಗಳು "ಏನ್ ಹೇಳ್ತಾನೋ ನೋಡೋಣ" ಅನ್ನುವ ಮನಸ್ಸಿನಲ್ಲೇ ಇರ್ತವೆ.

ಮೊದಲು ಸದ್ದು ಅಡಗಬೇಕು

ಒಪ್ಪಿಸುವ ಮುಂಚೆ ಜನ ಕೇಳಿಸಿಕೊಳ್ಳಬೇಕು. ಅದು ಬೇರೆಯದೇ ಕೆಲಸ.

ಹೂವಿನಹಡಗಲಿ ತಾಲೂಕಿನ ಮೈಲಾರದ ಜಾತ್ರೆಯನ್ನು ನೆನಪಿಸಿಕೊಳ್ಳಿ. ಈಗ ಅದು ವಿಜಯನಗರ ಜಿಲ್ಲೆ, 2021ರವರೆಗೆ ಬಳ್ಳಾರಿ ಜಿಲ್ಲೆಯದ್ದೇ. ಗೊರವಯ್ಯ ಬಿಲ್ಲು ಹತ್ತಿ "ಸದ್ದಲೇ" ಅಂತಾನೆ. ಕಣ್ಣು ಹಾಯಿಸಿದಷ್ಟು ದೂರ ನೆರೆದ ಜನ ಆ ಒಂದು ಪದಕ್ಕೆ ಮೌನವಾಗ್ತಾರೆ. ಆಮೇಲೆ ಬರೋದು ಒಂದೇ ಒಂದು ವಾಕ್ಯದ ಕಾರಣಿಕ. ಅದೇ ವಾಕ್ಯದಲ್ಲಿ ರೈತ ಮಳೆ ಬೆಳೆ ಹುಡುಕ್ತಾನೆ, ರಾಜಕೀಯದವರು ಅಧಿಕಾರ ಹುಡುಕ್ತಾರೆ.

ಆಟದಲ್ಲಿ ಇದನ್ನು ಎರಡು ಹೆಜ್ಜೆ ಮಾಡಿಕೊಳ್ಳಬಹುದು. ಮೊದಲ ಹೆಜ್ಜೆಯಲ್ಲಿ ಸದ್ದು ಅಡಗಿಸೋದು. ಹಾಡಿ, ಗಂಟೆ ಬಾರಿಸಿ, ಹೆದರಿಸಿ, ಹೇಗಾದರೂ ಸರಿ. ಮಂತ್ರ ಬಲ್ಲ ಪೂಜಾರಿಯ ಪಾತ್ರ ಇದ್ದರೆ ಇನ್ನೂ ಸುಲಭ. ತಾಮಟರ್ಜಿ ಅನ್ನೋ ಚಿಕ್ಕ ಮಂತ್ರ ಒಂದು ನಿಮಿಷದವರೆಗೆ ದನಿಯನ್ನು ಮೂರು ಪಟ್ಟು ಜೋರು ಮಾಡುತ್ತೆ, ಮೈಕ್ ಸೆಟ್ ಇದ್ದ ಹಾಗೆ. ಎರಡನೇ ಹೆಜ್ಜೆಯಲ್ಲಿ ಬೇಡಿಕೆ ಇಡೋದು. ಮೊದಲ ಹೆಜ್ಜೆ ಸೋತರೆ ಹಿಂದೆ ನಿಂತ ಗುಂಪಿಗೆ ಮಾತೇ ಕೇಳಿಸಲ್ಲ, ಅಷ್ಟೇ. ಮುಂದೆ ನಿಂತವರ ಹತ್ತಿರ ಮಾತಾಡಬಹುದು.

ಚೆನ್ನಾಗಿ ಮಾತಾಡಿದ್ದಕ್ಕೆ ಏನು ಸಿಗಬೇಕು

ಹುಡುಗನ ಪ್ರಶ್ನೆಗೆ ಬಂದೆವು.

ಐದನೇ ಆವೃತ್ತಿಯಲ್ಲಿ ಅಡ್ವಾಂಟೇಜ್ ಅನ್ನೋ ನಿಯಮ ಇದೆ. ಪರಿಸ್ಥಿತಿ ಪಾತ್ರದ ಪರವಾಗಿದ್ದರೆ ದಾಳವನ್ನು ಎರಡು ಸಲ ಉರುಳಿಸಿ, ದೊಡ್ಡ ಅಂಕ ಇಟ್ಟುಕೊಳ್ಳೋದು. ಪರಿಸ್ಥಿತಿ ವಿರುದ್ಧ ಇದ್ದರೆ ಎರಡರಲ್ಲಿ ಚಿಕ್ಕದನ್ನು ಇಟ್ಟುಕೊಳ್ಳಬೇಕು, ಅದು ಡಿಸ್‌ಅಡ್ವಾಂಟೇಜ್. ನೋಡಲು ಸಣ್ಣ ನಿಯಮ, ಆದರೆ ಫಲ ದೊಡ್ಡದು. 15ರ ಅಂಕಕ್ಕೆ ನೂರರಲ್ಲಿ 55 ಇದ್ದ ಅವಕಾಶ ಅಡ್ವಾಂಟೇಜ್ ಸಿಕ್ಕರೆ ಸುಮಾರು 80ಕ್ಕೆ ಏರುತ್ತೆ. ವಿರುದ್ಧವಾದರೆ 30ಕ್ಕೆ ಇಳಿಯುತ್ತೆ.

ಹಾಗಾದರೆ ಸೊಗಸಾಗಿ ಮಾತಾಡಿದ ಆಟಗಾರನಿಗೆ ಅಡ್ವಾಂಟೇಜ್ ಕೊಟ್ಟುಬಿಡೋಣವಾ? ನನಗೆ ಇಲ್ಲಿ ಒಂದು ಹಿಂಜರಿಕೆ ಇದೆ. ನಮ್ಮ ಗುಂಪಿನಲ್ಲಿ ಒಬ್ಬ ಹುಡುಗಿ ಇದ್ದಾಳೆ. ನಾಲ್ಕು ಜನರ ಮುಂದೆ ಬಾಯಿ ಬಿಡಲು ಅವಳಿಗೆ ಕಷ್ಟ. ಆಟದಲ್ಲಿ ರಾಣಿಯೋ ಸೇನಾನಿಯೋ ಆಗಬೇಕು ಅನ್ನೋ ಆಸೆ ಮಾತ್ರ ಬೆಟ್ಟದಷ್ಟು. ಯೋಧನ ಪಾತ್ರ ಆಡುವವನಿಗೆ "ಮೊದಲು ಸಂಗ್ರಾಣಿ ಕಲ್ಲು ಎತ್ತಿ ತೋರಿಸು, ಆಮೇಲೆ ಬಾಗಿಲು ಮುರಿ" ಅಂತ ಯಾರೂ ಹೇಳಲ್ಲ. ಹಾಗಿದ್ದ ಮೇಲೆ ಇವಳಿಗೆ ಮಾತ್ರ ಮೊದಲು ಭಾಷಣ ಮಾಡಿ ತೋರಿಸು ಅನ್ನೋದು ನ್ಯಾಯವಲ್ಲ.

ಅದಕ್ಕೆ ನಾವು ಈಗ ಬೆಲೆ ಕೊಡೋದು ಮಾತಿನ ಹೊಳಪಿಗಲ್ಲ, ಮಾತಿನ ತಿರುಳಿಗೆ. ಆಟಗಾರರು ಮೂರು ವಿಷಯ ಹೇಳಬೇಕು. ಯಾರಿಗೆ ಹೇಳ್ತಿದ್ದೀನಿ, ಏನು ಕೇಳ್ತಿದ್ದೀನಿ, ಅವರು ಯಾಕೆ ಒಪ್ಪಬೇಕು. ಒಂದೇ ಸಾಲಿನಲ್ಲಿ ತೊದಲುತ್ತಾ ಹೇಳಿದರೂ ಸರಿ. ಆ "ಯಾಕೆ" ಎದುರಿಗಿದ್ದವರ ಬದುಕಿಗೆ ನಿಜವಾಗಿ ತಾಗಿದರೆ ಅಡ್ವಾಂಟೇಜ್. ಮೊದಲು ಒಪ್ಪಿದ ಗುಂಪನ್ನು ಜೊತೆಗೆ ನಿಲ್ಲಿಸಿಕೊಂಡು ಮುಂದಿನ ಗುಂಪಿನ ಹತ್ತಿರ ಹೋದರೂ ಅಡ್ವಾಂಟೇಜ್. ಹರಿಗೋಲಿನವರೇ ಬಂದು "ಹೊಳೆ ಬಣ್ಣ ಸರಿ ಇಲ್ಲ" ಅಂದರೆ ಅಂಗಡಿಯವರ 30 ಅನ್ನೋದು 51 ಆಗುತ್ತೆ. ದಾಳದ ಲೆಕ್ಕದಲ್ಲಿ ಇದು ದೊಡ್ಡ ಜಿಗಿತ.

ಸೊಗಸಾದ ಭಾಷಣಕ್ಕೆ ಏನೂ ಇಲ್ಲವಾ ಅಂದರೆ, ಇದೆ. ಸುತ್ತ ಕೂತವರ ಮೈ ಜುಂ ಅಂತಲ್ಲ, ಅದು ಸಿಗುತ್ತೆ. ಆ ಹುಡುಗನ ಭಾಷಣದಲ್ಲಿದ್ದ ಒಂದು ಮಾತು, "ಭತ್ತ ಮತ್ತೆ ಬೆಳೀತೀರಿ, ಮಕ್ಕಳನ್ನು ಎಲ್ಲಿಂದ ತರ್ತೀರಿ" ಅನ್ನೋದು, ನನ್ನನ್ನು ಇನ್ನೂ ಬಿಟ್ಟಿಲ್ಲ.

ಚಪ್ಪಾಳೆ ಬೇರೆ, ಒಪ್ಪಿಗೆ ಬೇರೆ

ಬಳ್ಳಾರಿಯ ಹಿರಿಯರಿಗೆ 1999ರ ಲೋಕಸಭಾ ಚುನಾವಣೆ ಚೆನ್ನಾಗಿ ನೆನಪಿದೆ. ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಎದುರುಬದುರು. ಸುಷ್ಮಾ ಪ್ರಚಾರದ ಹೊತ್ತಿನಲ್ಲೇ ಕನ್ನಡ ಕಲಿತು, ಕನ್ನಡದಲ್ಲೇ ಭಾಷಣ ಮಾಡಿದರು. ಎಣಿಕೆಯ ದಿನ ಸೋನಿಯಾ 56 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಜನ ಮತ ಹಾಕೋದು ಹತ್ತಾರು ಕಾರಣಕ್ಕೆ. ಮಾತು ಅದರಲ್ಲಿ ಒಂದು. ಮಾತು ಮೆಚ್ಚಿದವರೆಲ್ಲ ಮತ ಕೊಡಬೇಕು ಅಂತೇನಿಲ್ಲ.

ಆಟಕ್ಕೆ ಇದನ್ನು ತಂದರೆ, ಮೆಚ್ಚುಗೆ ಮತ್ತು ಒಪ್ಪಿಗೆಯನ್ನು ಬೇರೆ ಬೇರೆ ಬರೆದುಕೊಳ್ಳಬೇಕು. ರಂಜಿಸುವ ದಾಳ ಗೆದ್ದರೆ ಗುಂಪಿನ ಮನಸ್ಸು ಒಂದು ಮೆಟ್ಟಿಲು ಮೇಲೇರಲಿ, "ಸಂಬಂಧ ಇಲ್ಲದವರು" ನಮ್ಮ ಕಡೆಯವರಾಗಲಿ. ಕೆಲಸ ಮಾಡಿಸಲು ಬೇಡಿಕೆಯ ದಾಳ ಇನ್ನೂ ಬಾಕಿ ಇರುತ್ತೆ.

ಮಂತ್ರ ಹಾಕಿ ಒಪ್ಪಿಸಿದರೆ?

ಮಂತ್ರದ ಜಗತ್ತಲ್ವಾ, ಇಷ್ಟೆಲ್ಲ ಯಾಕೆ ಅಂತ ಮಕ್ಕಳು ಕೇಳ್ತಾರೆ. ಆಟ ಬರೆದವರು ಅದಕ್ಕೂ ಬೇಲಿ ಹಾಕಿದ್ದಾರೆ. ಗುಂಪಿಗೆ ಸಲಹೆ ಕೊಟ್ಟು ನಡೆಸಿಕೊಳ್ಳುವ ಮಾಸ್ ಸಜೆಷನ್ ಆರನೇ ಮಟ್ಟದ ದೊಡ್ಡ ಮಂತ್ರ. ಅದು ಹಿಡಿಯೋದು ಹೆಚ್ಚೆಂದರೆ 12 ಜನರನ್ನು, ಸಾಮಾನ್ಯವಾಗಿ 24 ಗಂಟೆ. ಗುಡಿ ಮುಂದೆ ಇನ್ನೂರು ಜನ ಇದ್ದಾರೆ. ಒಬ್ಬರನ್ನು ವಶ ಮಾಡಿಕೊಳ್ಳುವ ಚಾರ್ಮ್ ಪರ್ಸನ್ ಮಂತ್ರ ಇಳಿದ ಮೇಲೆ, ತನ್ನ ಮೇಲೆ ಮಂತ್ರ ಹಾಕಿದ್ದರು ಅಂತ ಆ ವ್ಯಕ್ತಿಗೆ ಗೊತ್ತಾಗುತ್ತೆ. ಆಮೇಲೆ ಆ ಊರಲ್ಲಿ ಒಂದು ಲೋಟ ನೀರೂ ಹುಟ್ಟಲ್ಲ.

ಬೇರೆ ಆಟಗಳು ಏನು ಮಾಡ್ತವೆ

ಡಂಜನ್ಸ್ ಅಂಡ್ ಡ್ರಾಗನ್ಸ್‌ನ ನಾಲ್ಕನೇ ಆವೃತ್ತಿ 2008ರಲ್ಲಿ ಬಂತು. ಅದರಲ್ಲಿ ಒಂದೇ ದಾಳದ ಬದಲು ಓಟದ ಥರ ಲೆಕ್ಕ. ಮೂರು ಸಲ ಸೋಲುವ ಮುಂಚೆ ಇಂತಿಷ್ಟು ಸಲ ಗೆಲ್ಲಬೇಕು. ಎಲ್ಲ ಪಾತ್ರಗಳೂ ಕೈ ಜೋಡಿಸಬಹುದು. ಬರ್ನಿಂಗ್ ವೀಲ್ ಅನ್ನೋ ಆಟದಲ್ಲಿ ವಾದಕ್ಕೂ ಕುಸ್ತಿಯ ಹಾಗೆ ಕಸುವು ಇರುತ್ತೆ. ಎರಡು ಕಡೆಯವರೂ ಪಟ್ಟುಗಳನ್ನು ಮೊದಲೇ ಗುಟ್ಟಾಗಿ ಬರೆದಿಟ್ಟು ಒಂದೊಂದಾಗಿ ಬಿಚ್ಚುತ್ತಾರೆ. ಯಾರ ವಾದದ ಕಸುವು ಸೊನ್ನೆಗೆ ಇಳಿಯುತ್ತೋ ಅವರು ಸೋತರು. ನನಗೆ ತುಂಬಾ ಹಿಡಿಸಿದ್ದು ಮುಂದಿನದು: ಗೆದ್ದವರ ಕಸುವು ಎಷ್ಟು ಕರಗಿದೆಯೋ ಅಷ್ಟು ಅವರೂ ಬಿಟ್ಟುಕೊಡಬೇಕು. ನಮ್ಮ ಪಂಚಾಯಿತಿ ಕಟ್ಟೆಯ ರಾಜಿ ಇದ್ದ ಹಾಗೆ.

ಸೋತರೆ ಕಥೆ ನಿಲ್ಲಬಾರದು

ದಾಳ ಉರುಳಿಸುವ ಮುಂಚೆಯೇ ಸಾರಥಿ ಹೇಳಿಬಿಡಬೇಕು, ಸೋತರೆ ಏನಾಗುತ್ತೆ ಅಂತ. "ಜನ ಕೇಳಲ್ಲ" ಅನ್ನೋದು ಉತ್ತರ ಅಲ್ಲ, ಅದು ಬಾಗಿಲು ಹಾಕಿದ ಹಾಗೆ. ಹೊತ್ತು ಹೋಗುತ್ತೆ, ನೀರು ಹತ್ತಿರ ಬರುತ್ತೆ, ಯಾರೋ ಎದ್ದು ಕಷ್ಟದ ಪ್ರಶ್ನೆ ಕೇಳ್ತಾರೆ. ಇವೆಲ್ಲ ಸೋಲಿನ ಬೆಲೆಗಳು. 2024ರ ನಿಯಮದಲ್ಲಿ, ಸೋತವರು ಅದೇ ಬೇಡಿಕೆಯನ್ನು ಅದೇ ರೀತಿ ಮತ್ತೆ ಇಡಲು ಸಾಮಾನ್ಯವಾಗಿ 24 ಗಂಟೆ ಕಾಯಬೇಕು. ಹೊಳೆ ಅಷ್ಟು ಹೊತ್ತು ಕಾಯಲ್ಲ. ಹಾಗಾಗಿ ಬೇರೆ ದಾರಿ ಹುಡುಕಲೇಬೇಕು.

ಮುಂದಿನ ಭಾನುವಾರ ಅದೇ ಜಾಗದಿಂದ ಮತ್ತೆ ಶುರು ಮಾಡಿದೆವು. ಹುಡುಗ ಈ ಸಲ ಮೊದಲು ಗುಡಿಯ ಗಂಟೆ ಬಾರಿಸಿದ. ಹರಿಗೋಲಿನವರ ಹತ್ತಿರ ಹೋಗಿ "ಮುದುಕರನ್ನು ಆಚೆ ದಂಡೆಯಿಂದ ಕರೆತರಲು ನೀವೇ ಬೇಕು" ಅಂದ. ದಾಳದಲ್ಲಿ 7, ಒಟ್ಟು 12, ಅವರು ಬಂದರು. ಅವರನ್ನು ಜೊತೆಗೆ ಕಟ್ಟಿಕೊಂಡು ಅಂಗಡಿಯವರ ಮುಂದೆ ನಿಂತ. ಎರಡು ದಾಳ, 4 ಮತ್ತು 16. ದೊಡ್ಡದು ಉಳಿಯಿತು, ಒಟ್ಟು 21. ಅಂಗಡಿ ಬಾಗಿಲು ಹಾಕತೊಡಗಿದರು.

ರೈತರಿಗೆ ಬೇಡಿಕೆ ಇಳಿಸಿ ಕೇಳಿದ. ಅಂಕ 10. ದಾಳದಲ್ಲಿ 4, ಒಟ್ಟು 9. ಒಂದೇ ಒಂದರಲ್ಲಿ ತಪ್ಪಿತು.

ನಾನು ಹೊತ್ತು ಮುಂದೂಡಿದೆ. ನೀರು ಹೊಳೆಯ ಮೆಟ್ಟಿಲು ಮುಟ್ಟಿತು. ರೈತರ ನಡುವಿಂದ ಒಬ್ಬ ಮುದುಕ ಎದ್ದು ಕೇಳಿದ, ಅವನ ಮಾತು ನಾನೇ ಆಡಿದೆ: "ನೀವು ಇವತ್ತು ಬಂದವರು, ನಾಳೆ ಹೋಗ್ತೀರಿ. ನಾವು ಮಕ್ಕಳನ್ನು ಗುಡ್ಡ ಹತ್ತಿಸೋ ಹೊತ್ತಲ್ಲಿ ಈ ರಾಶಿ ಕಾಯೋರು ಯಾರು?"

ಹುಡುಗ ನನ್ನ ಮುಖ ನೋಡಿದ. ಅಷ್ಟೊತ್ತೂ ಸುಮ್ಮನೆ ಕೂತಿದ್ದ ಆ ಹುಡುಗಿ, ಯೋಧೆಯ ಪಾತ್ರದವಳು, ಮೆಲ್ಲಗೆ ಅಂದಳು, "ನಾನು ನಿಲ್ತೀನಿ. ಕೊನೇ ಚೀಲ ಹೋಗೋವರೆಗೂ ನಿಲ್ತೀನಿ."

ಆಮೇಲೆ ದಾಳಕ್ಕೆ ಕೈ ಚಾಚಿದಳು. ನಾನು ಬೇಡ ಅಂದೆ. ರೈತರು ಆಗಲೇ ದನ ಬಿಚ್ಚುತ್ತಿದ್ದರು.